ಆರು ಗಂಟೆಗೇ ಮಲಗುವ ಸೇವಂತಿಗೆ

ಅಕ್ಟೋಬರ್ ಎರಡು, ಸಂಜೆ ಆರು ಗಂಟೆ ಐದು ನಿಮಿಷ. ಮರಳೂರಿನಲ್ಲಿ ನನ್ನ ಸೋದರತ್ತೆ ಎರಡು ಸೇವಂತಿಗೆ ಕುಂಡಗಳಿಗೆ ಕಂಬಳಿ ಹೊದಿಸಿ ಮಲಗಿಸಿದರು. ನನ್ನ ನೋಟ್‌ಬುಕ್ಕಿನ ಮೊದಲ ಸಾಲೇ ಇದು. ಇಡೀ ತುಮಕೂರಿನಲ್ಲಿ ಇಷ್ಟು ಬೇಗ ಮಲಗುವವರು ಇನ್ಯಾರಿದ್ದಾರೆ, ಹೇಳಿ!

ಗಿಡ ಚೇಳೂರಿನ ನನ್ನ ಅಜ್ಜಿಯದು. ಅಜ್ಜಿ ಹೋದ ಮೇಲೆ ಉಳಿದಿರುವುದು ಇದೊಂದೇ ಬುಡ. ಹೋದ ವರ್ಷ ಅತ್ತೆ ಮನೆಯ ಗೇಟಿನೆದುರು ಬೀದಿದೀಪ ಬಂತು. ಗಿಡ ಎದೆಯುದ್ದ ಬೆಳೆದರೂ ಒಂದು ಹೂ ಬಿಡಲಿಲ್ಲ. ಹಗಲು ಚಿಕ್ಕದಾಗಿ ಕತ್ತಲು ಉದ್ದವಾದರೆ ಮಾತ್ರ ಸೇವಂತಿಗೆ ಮೊಗ್ಗು ಹಿಡಿಯುತ್ತದೆ ಎಂದು ನರ್ಸರಿಯವರು ತಿಳಿಸಿದರು. ದೀಪದಡಿಯ ಗಿಡಕ್ಕೆ ಬೇಸಿಗೆಯೇ ಮುಗಿದಿರಲಿಲ್ಲ!

ಅತ್ತೆ ಲೈನ್‌ಮನ್‌ನನ್ನು ಹಿಡಿದು ದೀಪ ತೆಗೆಯಲು ಹೇಳಿದರು. ಬೀದಿಯೆಲ್ಲ ಕತ್ತಲಾಗುತ್ತದಲ್ಲ ಎಂದು ಅವನು ಗಾಬರಿಯಾದ.

"ಕತ್ತಲಾಗ್ಲಿ ಅಂತಾನೇ ಕಣಪ್ಪ ಹೇಳ್ತಿರೋದು."

ದೀಪ ಉಳಿಯಿತು, ಕಂಬಳಿ ಬಂತು. ಸಂಜೆ ಆರಕ್ಕೆ ಹೊದಿಕೆ, ಬೆಳಿಗ್ಗೆ ಏಳಕ್ಕೆ ಎಬ್ಬಿಸುವುದು.

ಗುಬ್ಬಿಯಲ್ಲಿ ನೆಂಟರ ಮನೆಯ ನಾಮಕರಣ. ಊಟ ತಡವಾಗಿ, ನಾಲ್ಕೂಮುಕ್ಕಾಲಕ್ಕೆ ಎಲೆಗೆ ಒಬ್ಬಟ್ಟು ಬೀಳುವ ಹೊತ್ತಿಗೆ ಅತ್ತೆ ಎದ್ದೇಬಿಟ್ಟರು. "ಮನೇಲಿ ಎರಡನ್ನ ಮಲಗಿಸ್ಬೇಕು" ಎಂದರು. ಮಕ್ಕಳಿಲ್ಲದ ಅತ್ತೆಯನ್ನು ನೆಂಟರು ನೋಡಿದ ನೋಟ! ಹೀಗೆ ಅರ್ಧಕ್ಕೆ ಬಿಟ್ಟ ಸಮಾರಂಭಗಳು ಮೂರು, ತಪ್ಪಿದ ಒಬ್ಬಟ್ಟು ಆರು, ನನ್ನವೂ ಸೇರಿ.

ಇಪ್ಪತ್ತಾರನೇ ದಿನ ಹಳೆಯ ಗಿಡದಲ್ಲಿ ಹದಿನೇಳು ಮೊಗ್ಗು! ಅದರ ಬುಡದಿಂದ ಸೆಪ್ಟೆಂಬರಿನಲ್ಲಿ ಕಿತ್ತು ನೆಟ್ಟ ಚಿಕ್ಕ ಕುಂಡದಲ್ಲಿ ಸೊನ್ನೆ. ಒಂದೇ ಕಂಬಳಿ, ಒಂದೇ ಕತ್ತಲು, ಏನಿದು ಅನ್ಯಾಯ?

"ಅದಿನ್ನೂ ಕೂಸು ಕಣೇ. ಕತ್ತಲಾಯ್ತು ಅಂತ ಅದಕ್ಕೇನು ಗೊತ್ತಾಯ್ತದೆ, ಬುಡು" ಎಂದರು ಅತ್ತೆ.

ಮೊದಲ ಹೂ ಅರಳಿದ ವಾರವೇ ನನಗೆ ಕುಣಿಗಲ್ಲಿನಲ್ಲಿ ಕೆಲಸ ಸಿಕ್ಕಿತು. ಹೊರಡುವಾಗ ಅತ್ತೆ ಆ ಹೂ ನನಗೆ ಮುಡಿಸಿ, ಚಿಕ್ಕ ಕುಂಡವನ್ನೂ ಕಂಬಳಿಯನ್ನೂ ಕೈಗಿಟ್ಟರು. ಹೂ ಬಿಟ್ಟ ಹಳೇ ಗಿಡಕ್ಕೆ ಇನ್ನು ಕಂಬಳಿ ಬೇಡವಂತೆ.

"ಅಲ್ಲೂ ಬೀದಿದೀಪ ಇರ್ತದೆ. ಮರೀಬೇಡ."

ಕುಣಿಗಲ್ಲಿನ ರೂಮಿನಲ್ಲಿ ಕಂಬಳಿ ಬಿಚ್ಚಿದೆ. ಒಂದು ಅಂಚಿಗೆ ಅತ್ತೆ ಮಂಡಿನೋವಿಗೆ ಹಚ್ಚುವ ಎಣ್ಣೆಯ ವಾಸನೆ. ಅವರು ದಿನಾ ಹೊದೆಯುತ್ತಿದ್ದ ಕಂಬಳಿ ಅದು. ಎಲ್ಲವನ್ನೂ ಎಣಿಸಿ ಬರೆದಿಟ್ಟಿದ್ದೇನೆ. ಇಷ್ಟು ದಿನ ಅವರೇನು ಹೊದ್ದು ಮಲಗಿದರು ಎಂಬುದು ಮಾತ್ರ ನೋಟ್‌ಬುಕ್ಕಿನಲ್ಲಿಲ್ಲ.

ಕೂಸು ಸೇವಂತಿಗೆಗೆ ಎಷ್ಟು ಎಲೆ ಬಂದ ಮೇಲೆ ಕತ್ತಲು ಗೊತ್ತಾಗುತ್ತದೆ? ನನ್ನದರಲ್ಲಿ ಈಗ ಒಂಬತ್ತಿವೆ. ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಮರಳೂರಿನಲ್ಲಿ ಚಳಿ ಶುರುವಾಗಿದೆ, ಕಂಬಳಿ ವಾಪಸ್ ಕೊಡಬೇಕು.