ದಳವಿಲ್ಲದ ಹೂವು

ಚಳಿಗಾಲದ ಕೊನೆಯ ದಿನಗಳು. ಬೆಳಗಿನ ಎಂಟು ಗಂಟೆಗೆ ನಿವೃತ್ತ ಮೇಷ್ಟ್ರು ಹಿತ್ತಲಲ್ಲಿ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಹೆಂಡತಿಯ ಚಿಮುಟದಿಂದ ಕಳೆಗಿಡದ ಹೂವಿನ ಬಿಳಿ ದಳಗಳನ್ನು ಒಂದೊಂದಾಗಿ ಕೀಳುತ್ತಿದ್ದರು.

ಕೋಳಿಗಳಿಗೆ ಪ್ರಿಯವೆಂದು ಬೀದಿಯವರೆಲ್ಲ ಕೋಳಿಸೊಪ್ಪು ಎನ್ನುವ ಕಳೆ ಅದು. ಅದರಲ್ಲಿ ಎರಡು ಜಾತಿ, ಅವಳಿಗಳಂತೆ. ಒಂದಕ್ಕೆ ಬಿಳಿ ದಳ; ಇನ್ನೊಂದು ತುಸು ಬಡಕಲು, ಅದಕ್ಕೆ ದಳವೇ ಇಲ್ಲ. ಮೂರು ದಿನ ಮೋಡ ಮುಸುಕಿ ಕುಂಡದ ಹೂ ಅರಳದಿದ್ದಾಗ ಮೇಷ್ಟ್ರು ಪುಸ್ತಕ ತಿರುವಿ, ಇದು ದಳವಿಲ್ಲದ್ದೇ ಎಂದು ತೀರ್ಮಾನಿಸಿ ಊರಿಗೆಲ್ಲ ಸಾರಿದ್ದರು. ಸಸ್ಯ ಸಂಗ್ರಹಾಲಯದ ಅಧಿಕಾರಿಯಾಗಿದ್ದ ಹಳೆಯ ಶಿಷ್ಯೆಗೂ ಬರೆದಿದ್ದರು. “ಈ ಭಾಗದಲ್ಲಿ ಯಾರಿಗೂ ಸಿಕ್ಕಿಲ್ಲ. ನಿಜವಾದರೆ ದಾಖಲೆಯಲ್ಲಿ ನಿಮ್ಮ ಹೆಸರೇ” ಎಂದು ಉತ್ತರ ಬಂದಿತ್ತು. ಅವಳು ಬರುವ ದಿನವೇ ಬಿಸಿಲು ಬಂತು. ಕುಂಡವೆಲ್ಲ ಬಿಳಿ ದಳ ಬಿಚ್ಚಿ ಹಲ್ಲು ಕಿರಿಯಿತು.

“ಏನ್ ಮೇಷ್ಟ್ರೇ, ಕಳೆಗೂ ಕ್ಷೌರನಾ?” ಗೋಡೆಯಾಚೆಯಿಂದ ಕೋಳಿ ಸಾಕುವ ಅಜ್ಜಿ ಇಣುಕಿದಳು.

“ಹುಳ ತೆಗೀತಿದೀನಿ.”

“ಇತ್ಲಾಗ್ ಎಸೀರಿ, ನನ್ನ ಕೋಳಿ ತಿನ್ನುತ್ತೆ.”

ಪೀಡೆ ತೊಲಗಲೆಂದು ಮೇಷ್ಟ್ರು ಗೋಡೆ ಬುಡದ ಬಡಕಲು ಸೊಪ್ಪನ್ನು ಕಿತ್ತು ಆಚೆಗೆಸೆದರು. “ತಗೊಳ್ಳಿ, ಒಂದಿನಾನೂ ನೆಟ್ಟಗೆ ಹೂ ಬಿಟ್ಟಿದ್ದಲ್ಲ ಇದು!”

ಶಿಷ್ಯೆ ಬಂದಳು. ಭೂತಗನ್ನಡಿ ಹಿಡಿದು ಕುಂಡವನ್ನು ನೋಡಿದಳು. ಆಮೇಲೆ ಮೇಷ್ಟ್ರ ಮುಖವನ್ನು ನೋಡಿದಳು.

“ಮೇಷ್ಟ್ರೇ, ದಳ ಇಲ್ಲದ ಹೂವಿನ ದಳ ನಿಮ್ಮ ಮೀಸೇಲಿದೆ.”

ಮೇಷ್ಟ್ರ ಕಿವಿ ಕಾದ ಹಂಚಾಯಿತು. ಅವಳು ದಳವನ್ನು ಅಂಗೈಯಲ್ಲಿಟ್ಟುಕೊಂಡು ಮೆಲ್ಲಗೆ ಹೇಳಿದಳು: “ನಾಲ್ಕನೇ ಕ್ಲಾಸಲ್ಲಿ ಇದೇ ಹೂವಿಗೆ ನಾನು ಐದು ದಳ ಬರೆದಿದ್ದೆ. ನೀವು ಹತ್ತು ಅಂತ ಎಣಿಸಿ, ಬೆಲ್ ಹೊಡೆಯೋ ತನಕ ನನ್ನನ್ನ ನಿಲ್ಲಿಸಿದ್ರಿ. ಐದೇ ಮೇಷ್ಟ್ರೇ. ನೋಡಿ, ಒಂದೊಂದೂ ಬುಡದ ತನಕ ಸೀಳಿದೆ, ಅದಕ್ಕೇ ಹತ್ತು ಕಾಣುತ್ತೆ.”

ಅಷ್ಟರಲ್ಲಿ ಗೋಡೆಯಾಚೆಯಿಂದ ಅಜ್ಜಿ ಕೂಗಿದಳು: “ಇದ್ಯಾವ ಸೊಪ್ಪಮ್ಮಾ? ಇಷ್ಟು ಬಿಸಿಲಿದ್ರೂ ಒಂದು ಬಿಳಿ ಹೂವಿಲ್ಲ, ಮೊಗ್ಗಲ್ಲೇ ಕಾಯಿ ಕಟ್ಟಿದೆ!”

ಶಿಷ್ಯೆ ಗೋಡೆ ಹಾರಿದಳು. ಕೋಳಿಯ ಕೊಕ್ಕಿನಿಂದ ಕೊನೆಯ ಎಳೆಯನ್ನು ಕಿತ್ತು, ಭೂತಗನ್ನಡಿಯಲ್ಲಿ ನೋಡಿ, ಕುಣಿದೇಬಿಟ್ಟಳು.

“ಸಿಕ್ಕಿತು! ಅಜ್ಜಿ, ನಿಮ್ಮ ಹೆಸರು ಹೇಳಿ.”

“ನನ್ದ್ಯಾಕೆ? ಕೋಳೀದು ಬರ್ಕೋ!”

ಕೊನೆಗೂ ಅಜ್ಜಿಯ ಹೆಸರನ್ನೇ ಬರೆದುಕೊಂಡು ಅವಳು ಈಚೆ ಬಂದಾಗ, ಮೇಷ್ಟ್ರು ಚಿಮುಟ ಹಿಡಿದು ತಲೆ ತಗ್ಗಿಸಿ ನಿಂತಿದ್ದರು.

“ಕೂತ್ಕೊಳ್ಳಿ ಮೇಷ್ಟ್ರೇ.”

“ಬೇಡಮ್ಮಾ,” ಎಂದರು ಮೇಷ್ಟ್ರು. “ಇನ್ನೂ ಬೆಲ್ ಆಗಿಲ್ಲ.”