ಖಂಡೇನವಮಿಗೆ ಸರ್ವರ್ ಪೂಜೆ

ನನ್ನ ಕೈಯಲ್ಲಿ ಕಂಪ್ಯೂಟರ್ ಎಂಬ ವಸ್ತು ಎಂದೂ ಕೆಟ್ಟಿಲ್ಲ ಎಂದು ನಾನು ದಸರೆಯ ತನಕ ಹೇಳಿಕೊಂಡು ತಿರುಗಿದೆ. ಮಹಾರಾಷ್ಟ್ರದ ಗಡಿಯ ಉದಗೀರದ ಒಂದು ರಿಪೇರಿ ಅಂಗಡಿಯಲ್ಲಿ ಪ್ರಿಂಟರಿಗೆ ಮಸಿ ತುಂಬುತ್ತಲೇ ಹರೆಯ ಕಳೆದು, ಕೊನೆಗೆ ನಿಲಂಗಾದ ಒಂದು ಕಾಲೇಜಿನಲ್ಲಿ ‘ಸಿಸ್ಟಮ್ ಇನ್‌ಚಾರ್ಜ್’ ಎಂಬ ಘನವಾದ ಹುದ್ದೆಗೆ ಏರಿದ್ದೆ. ಹುದ್ದೆ ಘನವಾದರೂ ತಾತ್ಕಾಲಿಕ. ಪರ್ಮನೆಂಟ್ ಮಾಡುವುದೋ, ಮನೆಗೆ ಕಳಿಸುವುದೋ ದಸರೆ ಮುಗಿದ ಮೇಲೆ ತೀರ್ಮಾನವಾಗಬೇಕಿತ್ತು. ಹೆಂಡತಿ ಸುನಂದಾ ಮಾತ್ರ ಕಾಯಲಿಲ್ಲ. ಪರ್ಮನೆಂಟ್ ಆಯಿತೆಂದೇ ತವರಿಗೆ ಸುದ್ದಿ ಮುಟ್ಟಿಸಿಬಿಟ್ಟಳು. ಅಲ್ಲಿ ನನಗೆ ಮೊದಲ ಸಲ ಕೂರಲು ಖುರ್ಚಿ ಸಿಕ್ಕಿತು!

ಕಾಲೇಜಿನ ಅಷ್ಟೂ ಹುಡುಗರ ಹೆಸರು, ಅಂಕ, ಫೀಸು ಎಲ್ಲ ಒಂದು ಕರಿ ಪೆಟ್ಟಿಗೆಯಲ್ಲಿತ್ತು. ಅದೇ ಸರ್ವರ್. ಅದರ ಕೋಣೆಗೆ ಧೂಳು ಬರಬಾರದೆಂದು ಎಲ್ಲರ ಚಪ್ಪಲಿ ಹೊರಗೆ ಬಿಡಿಸಿದ್ದೆ. ಪ್ರಿನ್ಸಿಪಾಲರೂ ಸಾಕ್ಸಿನಲ್ಲೇ ಒಳಗೆ ಬರುತ್ತಿದ್ದರು. ಅಧಿಕಾರ ಎಂದರೆ ಇದೇ ಇರಬೇಕು ಎಂದುಕೊಂಡೆ.

ಖಂಡೇನವಮಿಯ ರಜೆಗೆ ಮುಂಚಿನ ದಿನ ಆಫೀಸಿನಲ್ಲಿ ಆಯುಧಪೂಜೆ. ಪ್ರಿನ್ಸಿಪಾಲರ ಮನಸ್ಸು ಗೆಲ್ಲಲು ನಾನು ವಲಾಂಡಿ ಕಡೆಯ ನಮ್ಮ ಹಳ್ಳಿಯಿಂದ ಮಾಳಪ್ಪ ಕಾಕಾನನ್ನೇ ಕರೆಸಿದೆ. ಕಾಕಾ ಬೀರಪ್ಪನ ಪೂಜಾರಿ. ಕುರಿ ಕಾಯುವ ನಮ್ಮ ಮಂದಿಗೆ ಆತ ಎರಚಿದ ಭಂಡಾರ, ಅಂದರೆ ದೇವರ ಅರಿಷಿಣ ಪುಡಿ, ಮೈಮೇಲೆ ಬಿದ್ದರೆ ಆ ವರ್ಷ ಗೆದ್ದಂತೆ. ಕಾಕಾ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಭಂಡಾರದ ಚೀಲ ಹಿಡಿದು ಸರ್ವರಿನ ಸುತ್ತ ಒಂದು ಸುತ್ತು ಹಾಕಿದ.

“ಇದರ ಬಾಯಿ ಎಲ್ಲದ?”

“ಮುಚ್ಚೇದ ಕಾಕಾ.”

“ಬಾಯಿ ಮುಚ್ಚಿದ ಹತಾರಕ್ಕ ಭಂಡಾರ ನಡೆಯಂಗಿಲ್ಲಪ್ಪ. ಕುರಿ ಉಣ್ಣೆ ಕತ್ತರಿಸೋ ಕತ್ತರಿನೂ ಅಗಲಿಸೇ ಇಡ್ತೀವಿ. ತೆಗಿ.”

ಮಾತು ಸರಿಯೇ. ನಮ್ಮ ಮನೆಯಲ್ಲಿ ಆ ದಿನ ಕತ್ತರಿ ಬಾಯಿ ತೆರೆದೇ ಪೂಜೆಗೆ ಕೂರುತ್ತದೆ. ಆದರೆ ಕತ್ತರಿಯೊಳಗೆ ಫ್ಯಾನ್ ಇರುವುದಿಲ್ಲ! ಇಷ್ಟು ವರ್ಷ ಕಲಿತ ವಿದ್ಯೆ ಅಲ್ಲೇ ನಿಂತು ಬೇಡ ಅನ್ನುತ್ತಿತ್ತು. ಪ್ರಿನ್ಸಿಪಾಲರು ಕೈ ಮುಗಿದು ನಿಂತಿದ್ದರು. ನಾನು ವಿದ್ಯೆಯನ್ನು ಬಿಟ್ಟು ಪ್ರಿನ್ಸಿಪಾಲರನ್ನು ನೋಡಿದೆ. ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಸ್ಕಾಲರ್‌ಶಿಪ್ ಅರ್ಜಿಗಳ ಕೆಲಸ ನಡೆದಿತ್ತಾದ್ದರಿಂದ ಸರ್ವರನ್ನು ಬಂದ್ ಮಾಡಲೂ ಇಲ್ಲ.

ಕಾಕಾ ಜಿಪುಣನಲ್ಲ. ದೇವರ ಹೆಸರು ಕೂಗಿ ಎರಡೂ ಮುಷ್ಟಿ ಎರಚಿದ. ಫ್ಯಾನ್‌ಗಳು ಭಕ್ತಿಯಿಂದ ಒಳಗೆ ಎಳೆದುಕೊಂಡವು. ಮರುಕ್ಷಣ ಪೆಟ್ಟಿಗೆಯ ಹಿಂಬದಿಯಿಂದ ಬಂಗಾರದ ಬಣ್ಣದ ಹೊಗೆ ಭುಸ್ಸೆಂದು ಹೊರಬಂತು. ಹೆಡ್ ಕ್ಲಾರ್ಕರು ಅಡ್ಡಬಿದ್ದರು. ಕೆಲವರ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ ಬಂತು, ಕಾರಣ ಬೇರೆ.

ಆಮೇಲಾದರೂ ಸುಮ್ಮನಿದ್ದೆನೆ? ಎಲ್ಲರೂ ಪ್ರಸಾದ ತಿನ್ನುವಾಗ ಪೆಟ್ಟಿಗೆಯನ್ನು ಬೈಕಿನ ಮೇಲೆ ಹೇರಿಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ಪಂಕ್ಚರ್ ಅಂಗಡಿಗೆ ಓಡಿದೆ. ಟೈರಿಗೆ ಹೊಡೆಯುವ ಹವಾದಿಂದ ಪುಡಿ ಹಾರಿಸುವ ಉಪಾಯ. ಹವಾದ ಜೊತೆ ಟ್ಯಾಂಕಿಯೊಳಗಿನ ನೀರೂ ಬಂತು. ಅರಿಷಿಣ ಕಲಸಿಕೊಂಡಿತು. ಇನ್ನು ಒಗ್ಗರಣೆಯೊಂದೇ ಬಾಕಿ. ತಂದು ವೈರ್ ಚುಚ್ಚಿದೆ, ಚಟಪಟ ಸಿಡಿದು ಅದೂ ಆಯಿತು.

ದಸರೆ ಮುಗಿದ ಮೇಲೆ ಲಾತೂರಿನಿಂದ ಒಬ್ಬರು ಎಂಜಿನಿಯರ್ ಮೇಡಂ ಬಂದರು. ಪೆಟ್ಟಿಗೆ ಬಿಚ್ಚಿ ಸೀನಿದರು. ಒಳಗೆ ಅಡಿಗೆ ಮಾಡಿದವರು ಯಾರು ಎಂದು ಮರಾಠಿಯಲ್ಲಿ ಕೇಳಿದರು. ಎಲ್ಲ ಮಾಹಿತಿಯ ಇನ್ನೊಂದು ಪ್ರತಿ ಎಲ್ಲಿದೆ ಎಂದರು. ಅದನ್ನೂ ನಾನು ಅದೇ ಪೆಟ್ಟಿಗೆಯ ಇನ್ನೊಂದು ಡಿಸ್ಕಿನಲ್ಲಿ ಇಟ್ಟಿದ್ದೆ. ಅಣ್ಣ ತಮ್ಮ ಒಂದೇ ಮನೆಯಲ್ಲಿ ಕೂಡಿ ಬಾಳಲಿ ಎಂಬ ಸದುದ್ದೇಶ. ಕೂಡಿಯೇ ಹೋದರು. ಕ್ಲಾರ್ಕರೆಲ್ಲ ದೀಪಾವಳಿ ಬಿಟ್ಟು ಹುಡುಗರ ಹೆಸರುಗಳನ್ನು ಮೊದಲಿನಿಂದ ತುಂಬಬೇಕಾಯಿತು.

ಪ್ರಿನ್ಸಿಪಾಲರು ನನ್ನನ್ನು ಒಳಗೆ ಕರೆದರು. ತಪ್ಪು ನನ್ನದೇ ಎಂದು ಒಪ್ಪಿಕೊಳ್ಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರು ಬಾಯಿ ತೆರೆಯಲೂ ಬಿಡಲಿಲ್ಲ. ಮರಾಠಿ ಬಿಟ್ಟು ಮನೆಯ ಕನ್ನಡದಲ್ಲಿ, ಬಹಳ ಪ್ರೀತಿಯಿಂದ ಹೇಳಿದರು: “ನಿಂದೇನೂ ತಪ್ಪಿಲ್ಲಪ್ಪ. ದೇವರ ಇಚ್ಛಾ ಹಂಗಿತ್ತು. ಅದರಾಗ ನಿನಗರೆ ಏನ್ ತಿಳಿತಿತ್ತು, ಪಾಪ.”

ಸರ್ವರಿನ ಉಸ್ತುವಾರಿ ಲಾತೂರಿನವರಿಗೆ ಹೋಯಿತು. ನನ್ನ ತಾತ್ಕಾಲಿಕತೆಯನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದರು.

ಮನೆಗೆ ಬಂದು ಗೋಡೆಗೆ ಒರಗಿ ಕೂತೆ. ಸುನಂದಾ ಚಹಾ ತಂದಿಟ್ಟು ಮುಖ ನೋಡಿದಳು.

“ಭಾಳ ಬೈದ್ರೇನ್ರಿ?”

“ಇಲ್ಲ.”

“ಮತ್ತ ಹಿಂಗ್ಯಾಕ ಕುಂತೀರಿ?”

ಏನೆಂದು ಹೇಳಲಿ? ಬೈಸಿಕೊಳ್ಳುವುದಕ್ಕೂ ನಮ್ಮಲ್ಲಿ ಒಂದಿಷ್ಟು ವಿದ್ಯೆ ಇದೆ ಎಂದು ಎದುರಿನವರು ನಂಬಿರಬೇಕು. ಕಾಲೇಜಿಗೆ ಕಾಲೇಜನ್ನೇ ಮಲಗಿಸಿದರೂ ಅದು ನನ್ನ ಕೈಯ ಕೆಲಸವೆಂದು ಅಲ್ಲಿ ಒಬ್ಬರೂ ನಂಬಲಿಲ್ಲ.