ಮರಳಿ ಬರುವ ಮರಳು

ಬೆಳಕು ಹರಿಯುವ ಮುಂಚೆಯೇ ನಾನು ಹಾಲು ಕಾಯಿಸಿದ್ದೆ, ಅತ್ತೆಯ ಮಂಡಿಗೆ ಎಣ್ಣೆ ಉಜ್ಜಿದ್ದೆ, ಮಗಳ ಸಮವಸ್ತ್ರ ಇಸ್ತ್ರಿ ಮಾಡಿದ್ದೆ, ದಾರಿಗೆ ಬುತ್ತಿ ಕಟ್ಟಿದ್ದೆ, ಕಿಟಕಿಯ ಸಂದುಗಳಿಗೆ ಒದ್ದೆ ಬಟ್ಟೆ ತುರುಕಿದ್ದೆ, ಆದರೂ ಒಳಬಂದ ಮರಳನ್ನು ಗುಡಿಸಿದ್ದೆ, ಗುಡಿಸಿದ ಮೇಲೆ ಬಂದದ್ದನ್ನು ಮತ್ತೆ ಗುಡಿಸಿದ್ದೆ. ಆಮೇಲೆ ನಮ್ಮ ಯಜಮಾನರು ಎದ್ದು, ಮೈಮುರಿದು ಘೋಷಿಸಿದರು: “ಇವತ್ತು ನಿನಗೆ ರಜ ಕಣೇ!”

ಮರುಭೂಮಿಯ ಅಂಚಿನ ನಮ್ಮ ಊರಿನಲ್ಲಿ ಗಾಳಿಗೆ ಮಾತ್ರ ರಜವಿಲ್ಲ. ಇವರದು ಸ್ನಾನದ ಮನೆಯ ಟೈಲ್ಸ್ ಮಾರುವ ಅಂಗಡಿ. ಹಾಗಾಗಿ ವಾಸ್ತುಶಿಲ್ಪವೆಂಬುದು ತಮ್ಮ ಖಾಸಾ ವಿಷಯ ಎಂದು ನಂಬಿದ್ದಾರೆ. “ನಮ್ಮದೂ ಒಂದು ಮನೆಯಾ? ಗುಡಿಸಲು!” ಎನ್ನುವುದು ಇವರ ನಿತ್ಯಪಾರಾಯಣ. (ನಿಜ. ಗುಡಿಸಲು ಇರುವವಳು ನಾನೊಬ್ಬಳೇ.)

ಊರಾಚೆ ಮರಳಿನ ನಡುವೆ ಎದ್ದಿರುವ ಹೊಸ ಕಟ್ಟಡವನ್ನು ನೋಡಲು ದೇಶದೇಶಗಳಿಂದ ಜನ ಬರುತ್ತಾರಂತೆ. ನನಗೆ ಬೇಕಾಗಿದ್ದದ್ದು ಅದರೊಳಗಿನ ಒಂದೇ ಒಂದು ಕೋಣೆ. ಮೌನದ ಕೋಣೆ. ಒಂದು ಬೆಂಚು, ಒಮ್ಮೆಗೆ ಒಬ್ಬರೇ. ಮದುವೆಯಾದಾಗಿನಿಂದ ನಾನು ಒಬ್ಬಳೇ ಇದ್ದ ಕೋಣೆಯೆಂದರೆ ಬಚ್ಚಲು. ಅದರ ಬಾಗಿಲನ್ನೂ ಬಡಿಯುತ್ತಾರೆ.

ಮಗಳನ್ನು ಶಾಲೆಗೆ ಕಳಿಸಿ, ಅತ್ತೆಯೂ ಸೇರಿ ಮೂವರು ಹೊರಟೆವು. ಬಸ್ಸಿನಲ್ಲೇ ಇವರು ಬುತ್ತಿಯ ಡಬ್ಬಿ ಖಾಲಿ ಮಾಡಿದರು. ಇಳಿದದ್ದೇ ತಡ, ಬಿಸಿಗಾಳಿ ಕೆನ್ನೆಗೆ ಬಾರಿಸಿತು.

“ಛಾವಣಿ ನೋಡಮ್ಮ, ಅಲೆ ಅಲೆ!” ಎಂದರು ಇವರು.

“ಹಿಂಡಿ ಹಾಕಿದ ಅಂಗಿ ಥರ ಇದೆ,” ಎಂದರು ಅತ್ತೆ.

“ಅಮ್ಮಾ, ಇದು ಕಲೆ!”

“ಸೋಪು ಹಾಕಿ ಉಜ್ಜಿದ್ರೆ ಹೋಗತ್ತೆ ಬಿಡೋ.”

ಕೊನೆಗೂ ಮೌನದ ಕೋಣೆಗೆ ನನ್ನ ಸರದಿ ಬಂತು. ಬುತ್ತಿಯ ಚೀಲ ಕೊಡೋಣವೆಂದರೆ ಇವರ ಎರಡೂ ಕೈ ಫೋಟೋ ತೆಗೆಯುವುದರಲ್ಲಿದ್ದವು. ಹೊತ್ತುಕೊಂಡೇ ಒಳಹೋದೆ. ಬಾಗಿಲು ಮುಚ್ಚಿತು. ಬಿಳಿ ಗೋಡೆ, ತಣ್ಣನೆಯ ಬೆಂಚು. ಕೂತೆ. ಆಹಾ!

ಆಗ ಮೂಲೆ ಕಣ್ಣಿಗೆ ಬಿತ್ತು.

ಗೋಡೆಯ ಬುಡದಲ್ಲಿ ಬೆರಳಗಲದ ಸಂದು. ಅದರ ಮುಂದೆ ಗೇಣೆತ್ತರ ಮರಳು. ಇಷ್ಟು ದೊಡ್ಡ ಕಟ್ಟಡಕ್ಕೆ ಗುಡಿಸುವವರೇ ಇಲ್ಲವೆ? ಸುಮ್ಮನಿರಬೇಕೆಂದು ನಾನು ತೀರ್ಮಾನಿಸಿದೆ. ನನ್ನ ಕೈಗಳು ಆ ಸಭೆಗೆ ಬಂದಿರಲಿಲ್ಲ. ಕರವಸ್ತ್ರದಿಂದ ಬಳಿದು ಡಬ್ಬಿಗೆ ತುಂಬಿದೆ. ಸಾಲದ್ದಕ್ಕೆ ಚೀಲಕ್ಕೂ ತುಂಬಿದೆ. ನೆಲ ಫಳಫಳ ಎಂದಿತು.

ಬಾಗಿಲು ದಬದಬ ಎಂದಿತು.

“ಏ, ನೀರಿನ ಬಾಟ್ಲಿ ನಿನ್ ಹತ್ರಾನಾ?” ಇವರ ದನಿ. “ಆಮೇಲೆ, ಮೂಲೇಲಿರೋ ಮರಳು ನೋಡೋದು ಮರೀಬೇಡ! ಅದೇ ಇಲ್ಲಿನ ವಿಶೇಷವಂತೆ. ಕಟ್ಟಿದಾಗಿಂದ ಗಾಳಿನೇ ತಂದು ಪೇರಿಸಿರೋದು. ಇಲ್ಲೀವರೆಗೆ ಒಬ್ರೂ ಮುಟ್ಟಿಲ್ವಂತೆ!”

ಜಗದ್ವಿಖ್ಯಾತ ವಿಶೇಷವು ಬುತ್ತಿಯ ಚೂರುಗಳೊಡನೆ ನನ್ನ ಚೀಲದಲ್ಲಿತ್ತು.

ಸುರಿದು ಮತ್ತೆ ಗುಡ್ಡೆ ಮಾಡಬಹುದಿತ್ತು. ಕೈಗಳು ಆಗಲೇ ಮುಂದಾಗಿದ್ದವು. ಆದರೆ ಅದು ಮುಗಿಯುವ ಹೊತ್ತಿಗೆ ನನ್ನ ಸರದಿಯೂ ಮುಗಿದಿರುತ್ತಿತ್ತು. ಅಷ್ಟರಲ್ಲಿ ಸಂದಿನಿಂದ ಗಾಳಿ ಸುಯ್ಯೆಂದು ಬಂದು, ಒಂದು ಚಿಟಿಕೆ ಮರಳನ್ನು ನನ್ನ ಫಳಫಳ ನೆಲದ ಮೇಲೆ ಚೆಲ್ಲಿತು.

ಚೆಲ್ಲಲಿ. ಮಾಡಿದ ಕೆಲಸವನ್ನೇ ಮೊದಲಿನಿಂದ ಮಾಡುವುದೆಂದರೆ ಏನೆಂದು ಗಾಳಿಗೂ ಗೊತ್ತಾಗಲಿ.

“ಏ, ಬಾಟ್ಲಿ!” ಬಾಗಿಲು ಬಡಿಯುತ್ತಲೇ ಇತ್ತು. ನಾನು ಬೆಂಚಿಗೆ ಮರಳಿದೆ. ಆ ಒಂದು ಚಿಟಿಕೆಯನ್ನು ನೋಡಿ ಅಂಗೈ ತುರಿಸತೊಡಗಿತು. ಎರಡೂ ಕೈಗಳ ಮೇಲೆ ಕುಳಿತುಕೊಂಡೆ.